ಮೊದಲು ಕೇಳಿದ್ದು ಯಾರು

ರಾಮನಗರದ ಬಸ್ ನಿಲ್ದಾಣದ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ನನಗೂ ನನ್ನ ಗೆಳೆಯನಿಗೂ ದಿನಕ್ಕೆ ಇಪ್ಪತ್ತು ನಿಮಿಷ ಸಿಗುತ್ತದೆ. ಬೆಳಿಗ್ಗೆ ಎಂಟೂ ಐದರಿಂದ ಎಂಟೂ ಇಪ್ಪತ್ತೈದು. ಅವನು ಮಾಗಡಿಯಿಂದ ಬಂದು ಇಳಿಯುತ್ತಾನೆ, ನಾನು ಚನ್ನಪಟ್ಟಣದಿಂದ. ಆಮೇಲೆ ಅವನು ಚನ್ನಪಟ್ಟಣದ ಬಸ್ಸು ಹತ್ತುತ್ತಾನೆ, ನಾನು ಮಾಗಡಿಯ ಬಸ್ಸು. ಇಬ್ಬರೂ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರುಗಳು. ಅವನ ಶಾಲೆಗೆ ನನ್ನ ಮನೆಯಿಂದ ನಡೆದೇ ಹೋಗಬಹುದು. ನನ್ನ ಶಾಲೆಗೆ ಅವನ ಮನೆಯಿಂದ ಬೈಕಿನಲ್ಲಿ ಹತ್ತು ನಿಮಿಷ. ಆದರೂ ಎಂಟು ವರ್ಷದಿಂದ ನಾನು ಅವನ ಊರಿನ ಕಡೆಗೂ ಆರು ವರ್ಷದಿಂದ ಅವನು ನನ್ನ ಊರಿನ ಕಡೆಗೂ ಹೋಗಿ ಬರುತ್ತಿದ್ದೇವೆ.

ನನ್ನ ಸೊಂಟಕ್ಕೆ ಮಾಗಡಿ ರಸ್ತೆಯ ಪ್ರತಿ ಹಂಪೂ ಗೊತ್ತು. ಭಾನುವಾರ ಮಧ್ಯಾಹ್ನ ಮಲಗಿದ್ದಾಗಲೂ ಅದು ಒಂದೊಂದನ್ನೇ ಎಣಿಸುತ್ತದೆ. ಎರಡು ವರ್ಷದ ಹಿಂದೆ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, 'ಬಸ್ಸು ಬಿಡಿ, ಇಲ್ಲ ಸೊಂಟದ ಆಸೆ ಬಿಡಿ' ಎಂದರು. ಹೆಂಡತಿ ಚನ್ನಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್. ಅವಳ ಕೆಲಸ ಬಿಡಿಸಿ ಮಾಗಡಿಗೆ ಮನೆ ಮಾಡುವ ಮಾತನ್ನು ಒಮ್ಮೆ ಎತ್ತಿದ್ದೆ. ಅವಳು ಬಿಸಿನೀರಿನ ಚೀಲ ತಂದು ಬೆನ್ನಿನ ಕೆಳಗಿಟ್ಟಳು.

ನಮ್ಮಿಬ್ಬರನ್ನು ಕೂಡಿಸಿದ್ದು ಫುಟ್‌ಬಾಲು. ಕ್ರಿಕೆಟ್ಟಿನ ಬಗ್ಗೆ ಮಾತಾಡುವವರು ಈ ಕಡೆ ಎಲ್ಲಿ ಕಲ್ಲೆಸೆದರೂ ಸಿಗುತ್ತಾರೆ; ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬಿನ ಬಗ್ಗೆ ಮಾತಾಡುವವರು ಸಿಗುವುದಿಲ್ಲ. ನನ್ನ ಬ್ಯಾಗಿಗೆ ನೇತುಹಾಕಿದ್ದ ಕ್ಲಬ್ಬಿನ ಕೀಚೈನನ್ನು ನೋಡಿ ಅವನು 'ನೀವೂ ನಮ್ಮೋರಾ ಸಾರ್?' ಎಂದು ಕೇಳಿದ್ದ. ತಿಂಗಳೊಳಗೆ 'ಸಾರ್' ಹೋಗಿ 'ಗುರು' ಬಂತು. ಸೀಸನ್ನಿನಲ್ಲಿ ಎರಡೋ ಮೂರೋ ಸಲ ಶನಿವಾರ ಶಾಲೆ ಮುಗಿಸಿ ರೈಲು ಹತ್ತಿ ಸ್ಟೇಡಿಯಮ್ಮಿಗೆ ಹೋಗಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದೆವು. ಉಳಿದಂತೆ ಎಲ್ಲ ಮಾತೂ ಆ ಇಪ್ಪತ್ತು ನಿಮಿಷದಲ್ಲೇ, ತಟ್ಟೆ ಇಡ್ಲಿಯ ಮುಂದೆ.

ಅದಲುಬದಲಿನ ಸುದ್ದಿ ಬಂದದ್ದು ಶಾಲೆಗಳು ತೆರೆದು ಕೆಲವು ವಾರವಾದ ಮೇಲೆ. ನಮ್ಮ ಕ್ಲಬ್ಬು ಆರು ವರ್ಷ ಆಡಿದ್ದ ಎಡಗಡೆಯ ಡಿಫೆಂಡರನ್ನು ಇನ್ನೊಂದು ರಾಜ್ಯದ ಕ್ಲಬ್ಬಿಗೆ ಕೊಟ್ಟು, ಅಲ್ಲಿಂದ ಒಬ್ಬ ಫಾರ್ವರ್ಡನ್ನು ತೆಗೆದುಕೊಂಡಿತ್ತು. ಆಟಗಾರನಿಗೆ ಆಟಗಾರ, ಸರಿಗೆ ಸರಿ. ಬೆಳಿಗ್ಗೆ ಗೆಳೆಯ ಬಸ್ಸಿನಿಂದ ಇಳಿಯುವ ಮೊದಲೇ ಕಿಟಕಿಯಲ್ಲಿ ತಲೆ ಹಾಕಿ ಕೂಗಿದ.

'ಹೊಡ್ದ್‌ಬುಟ್ವಲ್ಲ ಗುರು!'

'ಏನ್ ಹೊಡೆದ್ರಿ? ಮನೆ ಬಾಗಿಲು ಕೊಟ್ಟು ಕಿಟಕಿ ಪರದೆ ತಂದಿದ್ದೀರಿ' ಎಂದೆ.

'ಬಾಗ್ಲಂತೆ ಬಾಗ್ಲು! ಆರು ವರ್ಸದಲ್ಲಿ ಒಂದು ಗೋಲು ಹೊಡುದ್ನಾ ನಿನ್ ಬಾಗ್ಲು? ಎಡಗಡೆ ಗೆರೆ ಮ್ಯಾಲೆ ಹೋಗೋದು ಬರೋದು, ಹೋಗೋದು ಬರೋದು, ನಮ್ ಬಸ್ಸಿನಂಗೆ.'

'ಅವನು ಹೋಗಿ ಬರ್ತಿದ್ದಕ್ಕೇ ಕಣೋ ಆ ಕಡೆಯಿಂದ ಯಾರೂ ಒಳಗೆ ಬರ್ತಿರ್ಲಿಲ್ಲ.'

ಹೋಟೆಲಿನ ಯಜಮಾನರು ಹಣೆಯ ವಿಭೂತಿ ಅಳಿಸದ ಹಾಗೆ ಬೆವರು ಒರೆಸಿಕೊಳ್ಳುತ್ತಾ ಬಂದು ತಟ್ಟೆ ಇಟ್ಟರು. 'ನಿಮ್ ಬಾಗ್ಲು ಕಿಟ್ಕಿ ಆಮ್ಯಾಕೆ ಹಾಕ್ಕೊಳ್ಳಿ ಮೇಷ್ಟ್ರೇ. ಇಡ್ಲಿ ಆರೋಯ್ತದೆ.'

ಅವರಿಗೆ ಫುಟ್‌ಬಾಲ್ ಎಂದರೆ ಅಷ್ಟಕ್ಕಷ್ಟೆ. ಆದರೆ ನಮ್ಮ ಜಗಳ ಎಂದರೆ ಬಲು ಇಷ್ಟ. 'ಇಂದಿನ ವಿಶೇಷ' ಬರೆಯುವ ಕರಿಹಲಗೆಯ ಮೂಲೆಯಲ್ಲಿ ಅವರೇ ಒಂದು ಗೆರೆ ಎಳೆದು ಆ ಕಡೆ 'ಹೋದವನು', ಈ ಕಡೆ 'ಬಂದವನು' ಎಂದು ಬರೆದರು. ಯಾರು ಚೆನ್ನಾಗಿ ಆಡುತ್ತಾರೋ ಅವರ ಕೆಳಗೆ ಒಂದು ಗೀಟು. ಸೀಸನ್ ಶುರುವಾಗದಿದ್ದರೂ ವಾದ ನಿಲ್ಲಲಿಲ್ಲ. ಅಭ್ಯಾಸ ಪಂದ್ಯ, ಹಳೆಯ ವಿಡಿಯೊ, ಮಂಡಿನೋವಿನ ವದಂತಿ, ಎಲ್ಲಕ್ಕೂ ಗೀಟು. ಅದಲುಬದಲು ಆದಮೇಲೆ ಒಬ್ಬ ಗೆದ್ದಿರಬೇಕು, ಒಬ್ಬ ಬಿದ್ದಿರಬೇಕು. ಇಬ್ಬರಿಗೂ ಒಳ್ಳೆಯದಾಗಿರಬಹುದು ಎಂದು ನಾವು ಒಂದು ದಿನವೂ ಅಂದುಕೊಂಡದ್ದು ನನಗೆ ನೆನಪಿಲ್ಲ. ಅಂದುಕೊಂಡಿದ್ದರೆ ಎಂಟೂ ಐದಕ್ಕೆ ಮಾತಾಡಲು ಏನು ಉಳಿಯುತ್ತಿತ್ತು?

ಆ ವರ್ಷ ಇಲಾಖೆಯ ವರ್ಗಾವಣೆ ಸುತ್ತೋಲೆಯೂ ಬಂತು. ಅದರಲ್ಲಿ ಪರಸ್ಪರ ವರ್ಗಾವಣೆ ಎಂದು ಒಂದಿದೆ. ನಾವು ಅದನ್ನು 'ಮ್ಯೂಚುಯಲ್' ಎನ್ನುತ್ತೇವೆ. ಒಂದೇ ವಿಷಯದ, ಒಂದೇ ದರ್ಜೆಯ ಇಬ್ಬರು ಒಪ್ಪಿ ಅರ್ಜಿ ಹಾಕಿದರೆ ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗಬಹುದು. ಕರೆದ ದಿನ ಇಬ್ಬರೂ ಕಚೇರಿಗೆ ಹೋಗಿ ಸಹಿ ಹಾಕಬೇಕು. ಒಬ್ಬ ಹಿಂದೆ ಸರಿದರೂ ಇಬ್ಬರ ಅರ್ಜಿಯೂ ಬಿದ್ದುಹೋಗುತ್ತದೆ. ಗೆಳೆಯನಿಗೆ ಅರ್ಜಿ ಹಾಕಲು ಬೇಕಾದ ಸೇವೆ ತುಂಬಿದ್ದು ಆ ವರ್ಷವೇ.

ಮಾತು ಶುರುವಾದದ್ದು ಹೀಗೆ ಎಂದು ನನ್ನ ನೆನಪು: ಯಜಮಾನರು ಸಾಂಬಾರಿನ ಬಕೆಟ್ ಹಿಡಿದು ನಿಂತು, 'ಅಲ್ಲ ಮೇಷ್ಟ್ರೇ, ಯಾವನೋ ಕಾಲಲ್ಲಿ ಚೆಂಡು ಒದೆಯೋನ್ನ ಅದಲುಬದಲು ಮಾಡುದ್ರೆ ಇಷ್ಟು ಬಡ್ಕೊಂತೀರ. ನೀವಿಬ್ರೇ ಅದಲುಬದಲಾಗ್ಬುಡಿ, ಅತ್ಲಾಗಿ ಪೀಡೆ ಕಳೀತದೆ' ಎಂದರು. ಗೆಳೆಯ ನಕ್ಕು, 'ಇವ್ನ ಸೊಂಟ ಮೆಡಿಕಲ್ ಟೆಸ್ಟಲ್ಲಿ ಪಾಸಾಗಕ್ಕಿಲ್ಲ' ಎಂದ. ಆಮೇಲೆ ನಾವಿಬ್ಬರೂ ಒಟ್ಟಿಗೇ ನಗು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದೆವು.

ಇದು ನೆನಪು. ಎಷ್ಟು ಸಲ ನೆನೆದರೂ ಬಕೆಟ್ಟೂ ಸೌಟೂ ಸಮೇತ ಹೀಗೇ ಬರುತ್ತದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಅರ್ಜಿ ಹಾಕಿದೆವು. ಅವನಿಗೂ ಅವಸರವಿತ್ತು. ಅವನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಒಂದೊಂದನ್ನೂ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅದು ರಜೆ ನೋಡಿಕೊಂಡು ಹಣ್ಣಾಗುವುದಿಲ್ಲ. ಅಂಥ ದಿನ ಅವನು ಬೆಳಗಿನ ಜಾವದಿಂದ ಹುಳ ಬಿಟ್ಟು, ಕೈ ತೊಳೆಯಲೂ ಪುರುಸೊತ್ತಿಲ್ಲದೆ ಬಸ್ಸು ಹತ್ತಿ ಬರುತ್ತಿದ್ದ. 'ಸಹಿ ಒಂದು ಬಿದ್ಬುಡ್ಲಿ ಗುರು. ಹತ್ತು ನಿಮಿಸಕ್ಕೆ ಇಸ್ಕೂಲು. ಊಟಕ್ಕೂ ಮನೆಗೆ ಹೋಗಿ ಬತ್ತೀನಿ' ಎನ್ನುತ್ತಿದ್ದ. ನಾನು ಮನೆಯಲ್ಲಿ ಹೆಂಡತಿಗೆ, ಬೆಳಿಗ್ಗೆ ಬಸ್ಸಿಗೆ ಓಡುವ ಏಳೂ ಇಪ್ಪತ್ತಕ್ಕೆ ಇನ್ನು ಮುಂದೆ ಏನು ಮಾಡಬಹುದು ಎಂದು ಪಟ್ಟಿ ಹೇಳುತ್ತಿದ್ದೆ. ಅವಳು, 'ಸಹಿ ಆಗ್ಲಿ, ಆಮೇಲೆ ಹೇಳಿ' ಎನ್ನುತ್ತಿದ್ದಳು.

ವರ್ಗಾವಣೆ ಪ್ರಕ್ರಿಯೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಮಳೆಗಾಲ ಕಳೆಯಿತು. ಅಷ್ಟರಲ್ಲಿ ಸೀಸನ್ ಶುರುವಾಯಿತು. ನಮ್ಮ ಕ್ಲಬ್ಬಿನ ಮೂರನೆಯ ಪಂದ್ಯ ಆ ಡಿಫೆಂಡರ್ ಹೋಗಿದ್ದ ಕ್ಲಬ್ಬಿನ ಮೇಲೆಯೇ. ಎಡಗಡೆಯಿಂದ ಅವನು ಕೊಟ್ಟ ಎರಡು ಪಾಸಿನಲ್ಲಿ ಎರಡು ಗೋಲಾದವು. ನಮಗೆ ಬಂದಿದ್ದ ಫಾರ್ವರ್ಡ್ ಮೊದಲರ್ಧದಲ್ಲೇ ತೊಡೆ ಹಿಡಿದುಕೊಂಡು ಹೊರಗೆ ನಡೆದ. ನಾವು ಸೋತೆವು. ನನ್ನ ಕ್ಲಬ್ಬು ಸೋತದ್ದಕ್ಕೆ ನನಗೆ ಸಂತೋಷವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಗಿತ್ತು.

ಮಾರನೆಯ ಬೆಳಿಗ್ಗೆ ಗೆಳೆಯ ಇಡ್ಲಿ ಮುರಿಯುವುದಕ್ಕೂ ನಾನು ಬಿಡಲಿಲ್ಲ.

'ಏನಾಯ್ತು ನಿನ್ನ ಕಿಟಕಿ ಪರದೆ? ಹರಿದುಹೋಯ್ತಾ?'

'ಒಸಿ ತಡ್ಕೊ. ತೊಡೆ ವಾಸಿಯಾಗ್ಲಿ.'

'ವಾಸಿಯಾಗಲ್ಲ. ಅದು ಹಳೇ ಗಾಯ. ಅವರಿಗೆ ಗೊತ್ತಿತ್ತು. ಅದಲುಬದಲು ಮಾಡೋಣ್ವಾ ಅಂತ ಮೊದಲು ಕೇಳಿದ್ದು ಯಾರು? ಅವರು. ಯಾವ ವ್ಯವಹಾರದಲ್ಲೇ ಆಗ್ಲಿ, ಮೊದಲು ಕೇಳ್ದವನಿಗೆ ಏನೋ ಗೊತ್ತಿರುತ್ತೆ ಗುರು. ಎದುರಿನವನಿಗೆ ಗೊತ್ತಿಲ್ಲದ್ದು ಒಂದಾದ್ರೂ ಗೊತ್ತಿರುತ್ತೆ. ಸುಮ್ಸುಮ್ನೆ ಯಾರೂ ಬಂದು ನಿನ್ನ ಬಾಗಿಲು ತಟ್ಟಲ್ಲ. ಕೇಳ್ದೋನು ಗೆದ್ದ, ಒಪ್ಪಿದೋನು ಬಿದ್ದ. ಅಷ್ಟೆ ಲೆಕ್ಕ.'

ಯಜಮಾನರು 'ಅಬ್ಬಬ್ಬ!' ಎಂದು 'ಹೋದವನು' ಎಂಬುದರ ಕೆಳಗೆ ಎರಡು ಗೀಟು ಎಳೆದರು. ನಾನು ಅಷ್ಟು ಚೆನ್ನಾಗಿ ಮಾತಾಡಿದ್ದು ತರಗತಿಯಲ್ಲೂ ಅಪರೂಪ. ಗೆಳೆಯ ಚಟ್ನಿಯಲ್ಲಿ ಬೆರಳದ್ದಿದ. ಆಮೇಲೆ ತಲೆ ಎತ್ತಿ, ನಗುತ್ತಲೇ ಕೇಳಿದ.

'ಅಂಗಾರೆ ನಮ್ದ್ರಲ್ಲಿ ಮೊದ್ಲು ಕೇಳ್ದೋರು ಯಾರು ಗುರು?'

'ಯಾವುದ್ರಲ್ಲಿ?'

'ನಮ್ ಮ್ಯೂಚುಯಲ್ಲಲ್ಲಿ.'

'ಯಾರೂ ಇಲ್ವಲ್ಲ. ಯಜಮಾನ್ರು ಹೇಳಿದ್ದು.'

ಯಜಮಾನರು ಸೀಮೆಸುಣ್ಣ ಹಿಡಿದವರು ತಿರುಗಿದರು. 'ನಾನಾ? ನಾನ್ಯಾವಾಗ ಏಳ್ದೆ ಮೇಷ್ಟ್ರೇ?'

'ನೀನೇ ಕೇಳಿದ್ದು' ಎಂದ ಗೆಳೆಯ. 'ಆ ಕಂಬದ ತಾವ ನಿಂತ್ಕೊಂಡು. ಮಳೆ ಬತ್ತಿತ್ತು.' ಆಮೇಲೆ ದನಿ ತಗ್ಗಿಸಿ, 'ನಿಮ್ ಇಸ್ಕೂಲಲ್ಲಿ ಏನಾರ ಐತಾ?'

'ಏನೂ ಇಲ್ಲ' ಎಂದೆ.

ಅಷ್ಟೆ. ಮಾಗಡಿ ಬಸ್ಸು ಬಂತು. ಓಡಿ ಹತ್ತಿದೆ.

ಆ ಸಂಜೆ ಡೈರಿ ತೆಗೆದೆ. ಮೈಸೂರಿನಲ್ಲಿ ಚರಿತ್ರೆಯಲ್ಲಿ ಎಂಎ ಓದುವಾಗ ಹಿಡಿದ ಅಭ್ಯಾಸ ಅದು. ದಿನಕ್ಕೆ ನಾಲ್ಕು ಸಾಲು, ಹೆಚ್ಚಾಗಿ ಬಸ್ಸಿನಲ್ಲೇ ಬರೆಯುವುದರಿಂದ ಅಕ್ಷರಗಳು ಕುಣಿದಿರುತ್ತವೆ. ಜುಲೈನ ಒಂದು ಪುಟದಲ್ಲಿ ಹೀಗಿತ್ತು: 'ಬೆಳಿಗ್ಗೆ ಮಳೆ. ಮ್ಯೂಚುಯಲ್ ವಿಷಯ ಅವನ ಮುಂದಿಟ್ಟೆ. ತಕ್ಷಣ ಒಪ್ಪಿದ.' ಯಜಮಾನರೂ ಇಲ್ಲ, ಸಾಂಬಾರಿನ ಬಕೆಟ್ಟೂ ಇಲ್ಲ. ಅವರು ಆ ಮಾತು ಹೇಳಿದ್ದರೆ ಅದು ಇನ್ನಾವುದೋ ದಿನ, ಬಹುಶಃ ನಾವು ಅರ್ಜಿ ಹಾಕಿದ ಮೇಲೆ, ತಮಾಷೆಗೆ. ಅಥವಾ ಹೇಳಲೇ ಇಲ್ಲ.

ಪುಟ ಹಿಂದಕ್ಕೆ ತಿರುಗಿಸಿದೆ. ಅದಕ್ಕೂ ಒಂಬತ್ತು ದಿನ ಹಿಂದೆ: 'ಎಂಟನೇ ತರಗತಿಗೆ ಹದಿನಾಲ್ಕೇ ಮಕ್ಕಳು. ಹೀಗೇ ಆದರೆ ಮುಂದಿನ ವರ್ಷ ಯಾವುದಾದರೂ ಹುದ್ದೆ ಹೆಚ್ಚುವರಿ ಆಗಬಹುದು ಎಂದು ಹೆಡ್‌ಮಾಸ್ತರು ಹೇಳಿದರು.' ಹುದ್ದೆ ಹೆಚ್ಚುವರಿಯಾದರೆ ಅದರಲ್ಲಿರುವ ಮೇಷ್ಟ್ರನ್ನು ಖಾಲಿ ಇರುವ ಇನ್ನೆಲ್ಲಿಗಾದರೂ ಕಳಿಸುತ್ತಾರೆ. ಕನಕಪುರದ ಆಚೆಯ ಕಾಡಂಚಿಗೂ ಕಳಿಸಬಹುದು. ಗೆಳೆಯ ಹತ್ತು ನಿಮಿಷದ ಶಾಲೆ ಎಂದು ನನ್ನ ಜಾಗಕ್ಕೆ ಬಂದು, ವರ್ಷ ತುಂಬುವ ಮೊದಲೇ ಅಲ್ಲಿಗೆ ಹೋಗಬೇಕಾಗಬಹುದು.

ಹಾಗಾದರೆ ನನಗೆ ಗೊತ್ತಿತ್ತು. ನನ್ನ ಕೈಬರಹದಲ್ಲೇ ಇದೆ. ಆದರೆ ಅದಕ್ಕಾಗಿಯೇ ನಾನು ಅವನನ್ನು ಕೇಳಿದೆನೇ? ಕಂಬದ ಬಳಿ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಸೊಂಟ ಮಾತ್ರ ಎಂದು ಪ್ರಮಾಣ ಮಾಡಬಲ್ಲೆ. ಹಾಗೆಯೇ ಬಕೆಟ್ಟಿನ ಬಗ್ಗೆಯೂ ಪ್ರಮಾಣ ಮಾಡುತ್ತಿದ್ದೆ. ಅಂಥ ಪ್ರಮಾಣಕ್ಕೆ ಏನು ಬೆಲೆ?

ಹೆಂಡತಿ ಊಟಕ್ಕೆ ಕರೆದಳು. ವಿಷಯ ಹೇಳಿದೆ. 'ನಾಳೆ ಅವರಿಗೆ ಹೇಳ್ಬಿಡಿ' ಎಂದಳು. 'ಹೇಳಿದ್ರೆ ಸಹಿ ಹಾಕಲ್ಲ' ಎಂದೆ. 'ಹಾಕದೇ ಇರ್ಬೋದು' ಎಂದು ಸಾರು ಬಡಿಸಿದಳು. 'ಆದ್ರೆ ನೀವು ಹೇಳಿಲ್ಲ ಅಂತ ಆಗಲ್ಲ.'

ಬೆಳಿಗ್ಗೆ ಹೇಳಬೇಕೆಂದೇ ಹೊರಟೆ. ಹೋಟೆಲಿಗೆ ಕಾಲಿಟ್ಟಾಗ ಹಲಗೆಯ ಮೇಲೆ 'ಹೋದವನು, ಬಂದವನು' ಅಳಿಸಿಹೋಗಿತ್ತು. ಆ ಜಾಗದಲ್ಲಿ 'ಮಾಗಡಿ', 'ಚನ್ನಪಟ್ಟಣ'. ಗೆಳೆಯ ಆಗಲೇ ಬಂದು ಕೂತಿದ್ದ. ಸೀಮೆಸುಣ್ಣ ಅವನ ಕೈಯಲ್ಲೇ ಇತ್ತು.

'ಬಾ ಗುರು. ಯಾರು ಗೆದ್ರು ಅಂತ ನೋಡ್ಬುಡುವ. ನಿಂಗೇನೇನು ಸಿಕ್ತದೆ? ಇಸ್ಕೂಲು ಮುಗ್ಸಿ ಮ್ಯಾಚಿಗೆ ಸೀದಾ ರೈಲು ಒಂದು.' ಚನ್ನಪಟ್ಟಣದ ಕೆಳಗೆ ಗೀಟು ಎಳೆದ. 'ಟೌನು ಪಕ್ಕದ ಇಸ್ಕೂಲು. ಹೊಸಾ ಕಟ್ಟಡ. ತುಂಬಿದ ಕ್ಲಾಸು.' ಮೂರು ಗೀಟು.

'ನಿಂಗೂ ಮನೆ ಹತ್ತಿರ ಆಗುತ್ತಲ್ಲ.'

'ಅದು ನಿಂಗೂ ಆಯ್ತದೆ. ಅಲ್ಲಿಗೆ ಅಲ್ಲಿಗೆ ವಜಾ.'

'ರೇಷ್ಮೆ ಐತಲ್ಲ ನಿಮ್ದು' ಎಂದರು ಯಜಮಾನರು. ಮಾಗಡಿಯ ಕೆಳಗೆ ಒಂದು ಗೀಟು ಬಿತ್ತು.

ನಾನು ಮಾಗಡಿಯ ಕಡೆ ಗೀಟು ಹೆಚ್ಚಿಸಲು ಹೊರಟೆ. ಅಲ್ಲಿಯ ಗಾಳಿ, ಅಲ್ಲಿಯ ಮಕ್ಕಳ ವಿನಯ, ಅಡುಗೆಯವರು ಮಾಡುವ ಉಪ್ಪಿಟ್ಟು. ಹೇಳುತ್ತಾ ಹೇಳುತ್ತಾ ನನ್ನ ಕಿವಿಗೇ ನಾನು ಸಂತೆಯಲ್ಲಿ ಹಲ್ಲು ಬಿದ್ದ ಎತ್ತು ಮಾರುವವನ ಹಾಗೆ ಕೇಳಿಸತೊಡಗಿದೆ. ಕೊನೆಗೆ, 'ಡ್ರಾ ಅಂತ ಬರ್ಕೊಳ್ಳೋ, ಇಬ್ರಿಗೂ ಒಳ್ಳೇದೇ ಅಲ್ವಾ' ಎಂದೆ.

'ಅದಲುಬದಲಲ್ಲಿ ಡ್ರಾ ಎಲ್ಲೈತೆ ಗುರು? ನಿನ್ನೆ ನೀನೇ ಹೇಳ್ದಲ್ಲ. ಕೇಳ್ದೋನು ಗೆದ್ದ, ಒಪ್ಪಿದೋನು ಬಿದ್ದ.'

ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು. ಅವರ ಮುಂದೆ ಹದಿನಾಲ್ಕು ಮಕ್ಕಳ ಮಾತು ಹೇಳಲು ಬಾಯಿ ಬರಲಿಲ್ಲ. ನಾಳೆ ಎಂದುಕೊಂಡೆ. ನಾಳೆಯೂ ಯಜಮಾನರು ಅಲ್ಲೇ ಇದ್ದರು. ಫೋನೂ ಇತ್ತು. ಮಾಡಲಿಲ್ಲ.

ಕಚೇರಿಗೆ ಕರೆದದ್ದು ನಾಲ್ಕು ದಿನದ ನಂತರ. ಕಾರಿಡಾರಿನ ತುಂಬ ಮೇಷ್ಟ್ರುಗಳು, ಮೇಡಂಗಳು, ಫೈಲುಗಳು, ಮಕ್ಕಳನ್ನು ಎತ್ತಿಕೊಂಡ ಗಂಡಂದಿರು. ನಮ್ಮ ಸರದಿಗೆ ಇನ್ನೂ ಮೂರು ಜೋಡಿ ಇದ್ದಾಗ ನಾನು ಗೆಳೆಯನನ್ನು ಕಿಟಕಿಯ ಕಡೆಗೆ ಕರೆದುಕೊಂಡು ಹೋದೆ.

'ಒಂದು ಹೇಳ್ಬೇಕು. ನಮ್ಮ ಸ್ಕೂಲಲ್ಲಿ ಮಕ್ಕಳು ಕಮ್ಮಿ ಆಗ್ತಿದ್ದಾರೆ. ಹುದ್ದೆ ಹೆಚ್ಚುವರಿ ಆದ್ರೂ ಆಗ್ಬೋದು.'

ಅವನು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದ. 'ಗೊತ್ತು' ಎಂದ.

'ಯಾರು ಹೇಳಿದ್ರು?'

'ಯಾರ್ ಹೇಳ್ಬೇಕ್ಲಾ? ನಿಮ್ ಇಸ್ಕೂಲು ಊರಿನ ಐಕ್ಳೆಲ್ಲ ಬೆಳಿಗ್ಗೆ ವ್ಯಾನ್ ಹತ್ಕೊಂಡು ನಮ್ಮನೆ ಮುಂದಾಸೇ ಮಾಗಡಿ ಕಾನ್ವೆಂಟಿಗೆ ಹೋಯ್ತವೆ. ನಂಗೆ ಮೊದ್ಲೇ ಗೊತ್ತಿತ್ತು. ಆದ್ರೂ ಬತ್ತೀನಿ ಅಂದಿದ್ದೆ. ಒಂದು ವರ್ಸನಾದ್ರೂ ಮನೇಲಿರ್ಬೋದು ಅಂತ.' ಸರಳು ಬಿಟ್ಟು ನನ್ನ ಕಡೆ ತಿರುಗಿದ. 'ಏನಾರ ಐತಾ ಅಂತ ಕೇಳ್ದೆ. ಏನೂ ಇಲ್ಲ ಅಂದೆ ನೀನು.'

ನಾನು ಏನು ಹೇಳಿದೆ ಎಂದು ಡೈರಿಯಲ್ಲಿ ಬರೆದುಕೊಂಡಿಲ್ಲ. ನಮ್ಮ ಹೆಸರು ಕರೆದರು. ಮೇಜಿನ ಹಿಂದಿದ್ದ ನೌಕರರು ಇಬ್ಬರ ಮುಖವನ್ನೂ ನೋಡಿ, 'ಇಬ್ರಿಗೂ ಒಪ್ಪಿಗೆ ತಾನೆ?' ಎಂದರು. ನಾನು ತಲೆಯಾಡಿಸಿದೆ. ಗೆಳೆಯ, 'ಇಲ್ಲ ಸಾರ್. ಈ ವರ್ಸ ಬ್ಯಾಡ' ಎಂದ. ಅವರು ಎರಡೂ ಅರ್ಜಿಗಳನ್ನು ಜೋಡಿಸಿ ಪಿನ್ ಹೊಡೆದು ಪಕ್ಕಕ್ಕಿಟ್ಟು ಮುಂದಿನವರನ್ನು ಕರೆದರು.

ಅವನಿಗೆ ನಿಜವಾಗಿಯೂ ಮೊದಲೇ ಗೊತ್ತಿತ್ತೇ? ಇದನ್ನು ನಾನು ಎಷ್ಟೋ ಪ್ರಯಾಣಗಳಲ್ಲಿ ತಿರುವಿ ಹಾಕಿದ್ದೇನೆ. ಪಂದ್ಯ ಮುಗಿದ ಮೇಲೆ ಎಲ್ಲ ಅಭಿಮಾನಿಗಳೂ ಹೇಳುವ ಮಾತೇ ಅದು. ನಾನೂ ಆ ಡಿಫೆಂಡರನ ಬಗ್ಗೆ ಹೇಳಿದ್ದೇನೆ. ಅವನ ಮನೆಯ ಮುಂದಿನ ರಸ್ತೆಯಲ್ಲಿ ಒಂದು ಬೆಳಿಗ್ಗೆ ನಿಂತು ವ್ಯಾನು ಹೋಗುತ್ತದೆಯೋ ಇಲ್ಲವೋ ನೋಡಿದರೆ ಅರ್ಧ ಗೊತ್ತಾಗುತ್ತದೆ. ನನ್ನ ಬಸ್ಸು ಆ ಕಡೆಗೆ ಹೋಗುವುದಿಲ್ಲ. ಬೈಕಿನಲ್ಲಿ ಹೋಗಬಹುದು. ಹೋಗಿಲ್ಲ.

ಆ ಮೇಲಿನ ಸೋಮವಾರ ಎಂಟೂ ಐದಕ್ಕೆ ಅವನು ಹೋಟೆಲಿಗೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಬರದೆ ಎಲ್ಲಿಗೆ ಹೋಗುತ್ತಾನೆ? ಅವನ ಬಸ್ಸು ಬರುವುದೂ ಅಷ್ಟೊತ್ತಿಗೇ, ಮುಂದಿನ ಬಸ್ಸು ಹೊರಡುವುದೂ ಅಷ್ಟೊತ್ತಿಗೇ, ಆ ಹೊತ್ತಿನಲ್ಲಿ ಕೂರಲು ಜಾಗ ಸಿಗುವ ಹೋಟೆಲೂ ಅದೊಂದೇ. ಎದುರು ಬದುರು ಕೂತೆವು. ಮೊದಲ ವಾರ ಇಡ್ಲಿ ತಿಂದು ಎದ್ದೆವು. ಯಜಮಾನರಿಗೆ ತಡೆಯಲಾಗಲಿಲ್ಲ, ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ 'ಹೋದವನು, ಬಂದವನು' ಎಂದು ಬರೆದರು.

ಈಗ ಫಾರ್ವರ್ಡನ ತೊಡೆ ವಾಸಿಯಾಗಿದೆ. ಹೋದ ಶನಿವಾರ ಎರಡು ಗೋಲು ಹೊಡೆದ. ಇವತ್ತು ಬೆಳಿಗ್ಗೆ ನಾನು ಕೂರುತ್ತಲೇ, 'ಒಪ್ಪಿಕೊಂಡೆ ಗುರು. ಆ ಅದಲುಬದಲಲ್ಲಿ ನಾವೇ ಗೆದ್ವಿ' ಎಂದೆ.

ಗೆಳೆಯ ಚಟ್ನಿಯ ಬಟ್ಟಲನ್ನು ನನ್ನ ಕಡೆಗೆ ಸರಿಸಿದ. ಅವನ ಉಗುರಿನ ಸಂದಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು ಇತ್ತು.

'ನನ್ನ ಸಮಾಧಾನಕ್ಕೆ ಒಪ್ಕೋಬ್ಯಾಡ' ಎಂದ. 'ನಿನ್ ಬಾಗ್ಲು ಕತೆ ಏನಾಯ್ತು, ಅದ್ನ ಹೇಳು.'

ಹೇಳಿದೆ. ಎಡಗಡೆಯ ಗೆರೆಯಿಂದಲೇ ಶುರು ಮಾಡಿದೆ. ಅವನು ನಡುವೆ ಬಾಯಿ ಹಾಕಿದ, ನಾನು ದನಿ ಏರಿಸಿದೆ, ಯಜಮಾನರು ಸೀಮೆಸುಣ್ಣ ಹುಡುಕಿದರು. ಎಂಟೂ ಇಪ್ಪತ್ತೈದಕ್ಕೆ ಮಾಗಡಿ ಬಸ್ಸು ಬಂತು. ಹಿಂದಿನ ಚಕ್ರದ ಮೇಲಿನ ಸೀಟು ಮಾತ್ರ ಖಾಲಿ ಇತ್ತು.